ಅತ್ತೆಯ ದನಿಯಲ್ಲಿ ನನ್ನ ಸಿಟ್ಟು

ನನಗೆ ಸಿಟ್ಟು ಬಂದಾಗಲೆಲ್ಲ ನನ್ನ ಗಂಡ ಕೂತಿದ್ದ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಮೊದಮೊದಲು ನಾನು ಇದನ್ನು ಮ್ಯಾನರ್ಸ್ ಎಂದುಕೊಂಡಿದ್ದೆ. ಲಗ್ಗೆರೆಯ ಹಳೇ ರಾಗಿ ಹೊಲದ ಮನೆತನದವರು, ಹೆಂಗಸು ಮಾತಾಡುವಾಗ ಎದ್ದು ನಿಲ್ಲುವುದನ್ನು ಎಲ್ಲಿ ಕಲಿತರೋ ಎಂದು ಒಳಗೊಳಗೇ ಹೆಮ್ಮೆ ಕೂಡ ಪಟ್ಟಿದ್ದೆ. ಒಂದು ದಿನ ಅವರು ಎದ್ದು ನಿಂತದ್ದಲ್ಲದೆ ಕಾಲಿನ ಚಪ್ಪಲಿಯನ್ನೂ ಬಿಟ್ಟರು. ಮೊಣಕಾಲು ನೋವಿಗೆಂದು ಡಾಕ್ಟರ್ ಹೇಳಿ ಮನೆಯೊಳಗೆ ಹಾಕಿಸಿದ್ದ ಮೆತ್ತನೆಯ ಚಪ್ಪಲಿ. ಅದನ್ನು ಕಾಲಿನಲ್ಲೇ ಗೋಡೆಯ ಕಡೆ ಸರಿಸಿ, ಕೈ ಕಟ್ಟಿ, ತಲೆ ತಗ್ಗಿಸಿ ನಿಂತರು. ನಾನು ಬೈಯುತ್ತಿದ್ದದ್ದು ಅವರನ್ನಲ್ಲ. ನೀರಿನ ಮೋಟಾರ್ ಆಫ್ ಮಾಡದೆ ಡ್ಯೂಟಿಗೆ ಹೋಗಿದ್ದ ಕೆಳಗಿನ ಬಾಡಿಗೆ ಮನೆಯವರನ್ನು.

"ನೀವ್ಯಾಕ್ರೀ ನಿಂತ್ಕೊಂಡ್ರಿ?" ಎಂದೆ, ಎಲ್ಲ ಮುಗಿದ ಮೇಲೆ.

ನಿಂತದ್ದು ಅವರಿಗೇ ಗೊತ್ತಿರಲಿಲ್ಲ. ಚಪ್ಪಲಿ ನೋಡಿದರು, ನನ್ನನ್ನು ನೋಡಿದರು.

"ಅವ್ವ ಬಂದಂಗಾಯ್ತು," ಎಂದರು.

ಅವರ ಅವ್ವ, ಅಂದರೆ ನನ್ನ ಅತ್ತೆ, ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು.

ಸಿಟ್ಟು ನನಗೆ ಚಿಕ್ಕಂದಿನಿಂದ ಇದ್ದದ್ದೇ. ಕಂಟೋನ್ಮೆಂಟ್ ಕಡೆಯ ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ಗಲ್ಲ ಹಿಡಿದೆತ್ತಿ "ಕೌಂಟ್ ಟು ಟೆನ್, ಚೈಲ್ಡ್" ಎನ್ನುತ್ತಿದ್ದರು. ಎಣಿಸುತ್ತಿದ್ದೆ. ಆ ಸಿಟ್ಟಿಗೆ ದನಿ ಇರಲಿಲ್ಲ. ಕಿವಿ ಕೆಂಪಾಗುತ್ತಿತ್ತು, ಪೆನ್ಸಿಲ್ ಮುರಿಯುತ್ತಿತ್ತು, ಅಷ್ಟೇ. ನಮ್ಮಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅವರ ಕೈಕೆಳಗೆ ಕೆಲಸಕ್ಕಿದ್ದ ಒಳ್ಳೆಯ ಹುಡುಗನಿಗೆ ನನ್ನನ್ನು ಕೊಟ್ಟರು. ನಾನು ಫೋರ್ಕು ಹಿಡಿದು ತಿನ್ನಲು ಕಲಿತ ಕೈಯಲ್ಲಿ ಮುದ್ದೆ ಕಟ್ಟಲು ಲಗ್ಗೆರೆಗೆ ಬಂದೆ.

ಅತ್ತೆಯ ಸಿಟ್ಟಿಗೆ ಮಾತ್ರ ದನಿ ಇತ್ತು. ಎಂಥ ದನಿ! ಎದೆಯಿಂದಲ್ಲ, ಇನ್ನೂ ಕೆಳಗಿನಿಂದ, ಹೊಟ್ಟೆಯ ತಳದಿಂದ ಎದ್ದು ಬರುವಂಥದ್ದು. ಮೊದಲು ಎಡಗೈ ಸೆರಗನ್ನು ಹಿಡಿದು ಸೊಂಟಕ್ಕೆ ಸಿಕ್ಕಿಸುತ್ತಿತ್ತು. ಆಮೇಲೆ ಬಲಗೈ ಬಾಗಿಲ ಚೌಕಟ್ಟನ್ನು ಒಮ್ಮೆ ಪಟ್ಟನೆ ಬಡಿಯುತ್ತಿತ್ತು. ಅದಾದ ಮೇಲೆ ದನಿ. "ಏಯ್, ಕಣ್ ಕಾಣಾಕಿಲ್ವಾ ನಿಂಗೆ? ನಿನ್ ವಂಸ ಎಕ್ಕುಟ್ಟೋಗ!" ಹೊಸದರಲ್ಲಿ ನನಗೆ ಅರ್ಥವಾಗುತ್ತಿರಲಿಲ್ಲ. ರೂಮಿಗೆ ಬಂದ ಗಂಡನನ್ನು, "ಎಕ್ಕುಟ್ಟೋಗ ಅಂದ್ರೇನ್ರೀ?" ಎಂದು ಕೇಳಿದರೆ ಅವರು ಗೋಡೆ ನೋಡುತ್ತ, "ಚೆನ್ನಾಗಿರು ಅಂತ," ಎನ್ನುತ್ತಿದ್ದರು. ಪಾಪ. ಬಹಳ ದಿನ ನಾನು ನಂಬಿದ್ದೆ.

ಕೊನೆಗಾಲದಲ್ಲಿ ಅತ್ತೆಗೆ ಲಕ್ವ ಹೊಡೆದು ಬಾಯಿ ಬಿದ್ದುಹೋಯಿತು. ಕಣ್ಣು ಮಾತ್ರ ಓಡಾಡುತ್ತಿತ್ತು. ಅಷ್ಟು ದೊಡ್ಡ ದನಿಯ ಹೆಂಗಸು ಒಂದು ಮಾತೂ ಆಡದೆ ಹೋದರು. ಆ ದನಿ ಆಗ ಎಲ್ಲಿ ಹೋಯಿತು ಎಂದು ನಾನು ಯೋಚಿಸಿರಲಿಲ್ಲ. ಯಾಕೆ ಯೋಚಿಸಲಿ? ಅದು ಯೋಚಿಸುವ ವಿಷಯ ಎಂದೇ ಅನ್ನಿಸಿರಲಿಲ್ಲ.

ಗಂಡ ಚಪ್ಪಲಿ ಬಿಟ್ಟು ನಿಂತ ಆ ದಿನದಿಂದ ನಾನು ಗಮನಿಸತೊಡಗಿದೆ. ಸಿಟ್ಟು ಬರುವ ಮುಂಚೆ ಸುತ್ತಲಿನ ಸದ್ದೆಲ್ಲ ದೂರ ಹೋಗುತ್ತಿತ್ತು. ನಮ್ಮ ಮನೆಯ ಹಿಂದೆ ಒಂದು ಶೆಡ್ ಇದೆ, ತಗಡು ಒತ್ತುವ ಪ್ರೆಸ್‌ಗಳದ್ದು. ಬೆಳಗಿನಿಂದ ಸಂಜೆವರೆಗೆ ಧಡ್, ಧಡ್ ಎನ್ನುತ್ತಲೇ ಇರುತ್ತದೆ; ನಮಗೆ ಅದು ಕೇಳಿಸುವುದೇ ಇಲ್ಲ. ಕರೆಂಟ್ ಹೋಗಿ ನಿಂತಾಗ ಮಾತ್ರ ಕೇಳಿಸುತ್ತದೆ, ಅಂದರೆ ಇಲ್ಲದ್ದು ಕೇಳಿಸುತ್ತದೆ. ಹಾಗೆ ಒಂದು ನಿಶ್ಶಬ್ದ ಬಂದು ಕಿವಿಯ ಮೇಲೆ ಕೂರುತ್ತಿತ್ತು. ಆಮೇಲೆ ಯಾರೋ ಮಾತಾಡುತ್ತಿದ್ದರು. ನನ್ನ ನಾಲಿಗೆ ಆಡುತ್ತಿದ್ದದ್ದು ನನಗೆ ತಿಳಿಯುತ್ತಿತ್ತು, ಡೆಂಟಿಸ್ಟ್ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದೆ ಎಂದು ತಿಳಿಯುವಂತೆ. ನಾನು ಇಂಗ್ಲಿಷಿನಲ್ಲಿ ಕನಸು ಕಾಣುವವಳು. "ನಿನ್ ಬಾಯಿಗೆ ಮಣ್ಣಾಕ" ಎನ್ನುವುದು ನನ್ನ ಬಾಯಿಗೆ ಎಲ್ಲಿಂದ ಬರಬೇಕು?

ಬೀದಿಯ ಹಳಬರು, ಅತ್ತೆಯನ್ನು ಕಂಡಿದ್ದವರು, ನಾನು ಮಹಡಿಯಿಂದ ಕೂಗಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊಸ ಬಾಡಿಗೆಯವರು ಹೆದರುತ್ತಿರಲಿಲ್ಲ. ಅವರ ಪಾಲಿಗೆ ನಾನು ಬಾಯಿ ಜೋರಿನ ಓನರ್ ಆಂಟಿ, ಅಷ್ಟೇ.

ಈ ದನಿಗಾಗಿ ಕಾಯುತ್ತಿದ್ದವಳು ಒಬ್ಬಳಿದ್ದಳು. ನನ್ನ ನಾದಿನಿ, ಗಂಡನ ತಂಗಿ. ಮಾಕಳಿಗೆ ಕೊಟ್ಟ ಹೆಣ್ಣು. ಈಗ ಅವಳಿಗೂ ತಲೆ ನರೆತಿದೆ. ಮೊದಲು ಹಬ್ಬಕ್ಕೆ ಮಾತ್ರ ಬರುತ್ತಿದ್ದವಳು ಆಮೇಲೆ ವಾರವಾರ ತುಮಕೂರು ರಸ್ತೆಯ ಬಸ್ಸು ಹಿಡಿದು ಬರತೊಡಗಿದಳು. ಬಂದವಳು ಸುಮ್ಮನೆ ಕೂರುತ್ತಿರಲಿಲ್ಲ. ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆಯುವಳು.

"ಅತ್ತಿಗೆ, ಇದೇನ್ ಸಾರಾ, ಕಾನ್ವೆಂಟ್ ಸೂಪಾ?"

"ಸಾರೇ. ನಿಂಗೆ ಬೇಡದಿದ್ರೆ ಮಜ್ಜಿಗೆ ಇದೆ."

"ಮುದ್ದೆ ನೋಡ್ರಿ, ಮೆತ್ತಗೆ ಮಲಗ್ಬುಟ್ಟದೆ. ನಿಮ್ಮಪ್ಪನ ಮನೇಲಿ ಸ್ಪೂನ್‌ನಾಗ್ ತಿಂತಿದ್ರೇನೋ."

ನನಗೆ ಗೊತ್ತಿಲ್ಲದ ಹಾಗೆ ಅವಳು ನನ್ನ ಎಲ್ಲ ನೋಯುವ ಜಾಗಗಳನ್ನು ಕಲಿತಿದ್ದಳು. ಅಪ್ಪ, ಇಂಗ್ಲಿಷು, ಮದುವೆಯಾಗಿ ಬಹಳ ಕಾಲ ಮಕ್ಕಳಾಗದೆ ಇದ್ದದ್ದು. ಒಂದಾದ ಮೇಲೊಂದು ಚುಚ್ಚುತ್ತ ಹೋಗುವಳು. ಕೊನೆಗೆ ಪ್ರೆಸ್‌ಗಳ ಸದ್ದು ದೂರವಾಗುವುದು, ದನಿ ಬರುವುದು. ನನಗೆ ಅವಳ ಮೇಲೆ ದ್ವೇಷವೇ ಇತ್ತು ಎನ್ನಬಹುದು. ಬಯ್ಯಿಸಿಕೊಂಡು ಮರುವಾರ ಮತ್ತೆ ನಗುನಗುತ್ತ ಬರುವವಳನ್ನು ಏನೆನ್ನಬೇಕು?

ಹಾಗೆ ಒಂದು ಮಧ್ಯಾಹ್ನ ದನಿ ನಿಂತ ಮೇಲೆ ನೋಡಿದರೆ, ಅವಳು ಕುರ್ಚಿ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಮುಖ ಮೇಲೆತ್ತಿದ್ದಾಳೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಅತ್ತಿಗೆ, ಬಾವಿ ಇಸ್ಯ ನಿಮ್ಗ್ ಯಾರ್ ಯೋಳುದ್ರು?"

"ಯಾವ ಬಾವಿ?"

"ಈಗ ಅಂದ್ರಲ್ಲ. 'ಬಾವಿ ಕಟ್ಟೆ ಮ್ಯಾಲ್ ಕುಂತ್ಕಬ್ಯಾಡ ಅಂತ ಎಸ್ಟ್ ಸಲ ಯೋಳ್ಲಿ, ಇಳಿಯೇ ಕೆಳಿಕ್ಕೆ' ಅಂತ. ಅದು ಶೆಡ್ ಕೆಳಗೆ ಮುಚ್ಚೋಗೈತೆ. ನೀವು ಬರಾಕ್ ಮುಂಚೇನೇ ಮುಚ್ಚುದ್ರು."

ನನಗೆ ಯಾವ ಬಾವಿಯೂ ಗೊತ್ತಿರಲಿಲ್ಲ. ಅತ್ತೆ ಯಾವಾಗಲೋ ಹೇಳಿರಬೇಕು, ನಾನು ಮರೆತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಈಗಲೂ ಹಾಗೆಯೇ ಹೇಳಿಕೊಳ್ಳುತ್ತೇನೆ. ಆದರೆ ಅವಳು ನನ್ನ ಮಾತು ಕೇಳುತ್ತಲೇ ಇರಲಿಲ್ಲ. ನನ್ನ ಸೀರೆಯ ಅಂಚು ಹಿಡಿದು, ನನ್ನ ಮುಖವನ್ನಲ್ಲ, ನನ್ನ ಗಂಟಲನ್ನು ನೋಡುತ್ತ, "ಅವ್ವಾ, ಇನ್ನೊಸಿ ಬಯ್ಯವ್ವ," ಎಂದಳು.

ಇನ್ನೊಸಿ. ಇನ್ನು ಸ್ವಲ್ಪ.

ಅವಳು ಇಷ್ಟು ದಿನ ಬರುತ್ತಿದ್ದದ್ದು ನನ್ನನ್ನು ನೋಯಿಸಲು ಅಲ್ಲ. ತಾಯಿ ಮಾತಿಲ್ಲದೆ ಹೋದಳಲ್ಲ, ಆ ತಾಯಿಯ ದನಿ ಕೇಳಲು. ಅದು ಸಿಗುವ ಜಾಗ ನನ್ನ ಗಂಟಲು. ತೆರೆಯುವ ದಾರಿ ನನ್ನ ಸಿಟ್ಟು.

ಆ ಮೇಲೆ ಅವಳನ್ನು ದ್ವೇಷಿಸಲು ಆಗಲಿಲ್ಲ. ಬಾಯಿಬಿಟ್ಟು ತಡೆಯಲೂ ಆಗಲಿಲ್ಲ. ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಮೊಮ್ಮಗಳು ಇರದಿದ್ದರೆ.

ಮೊಮ್ಮಗಳಿಗೆ ಆಗ ಮಾತು ಚೆನ್ನಾಗಿ ಬರತೊಡಗಿತ್ತು. ಸೊಸೆ ಪೀಣ್ಯದ ಒಂದು ಕಂಪನಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದವಳು, ಮಗುವಿಗಾಗಿ ಬಿಟ್ಟಿದ್ದಳು. ಈಗ ಮತ್ತೆ ಕರೆದಿದ್ದರು. ಮಗು ಹಗಲೆಲ್ಲ ನನ್ನ ಹತ್ತಿರ ಇರುವುದೆಂದು ಮಾತಾಗಿತ್ತು. ಅದಕ್ಕಾಗಿ ನಾನು ಹಳೆಯ ನರ್ಸರಿ ರೈಮ್‌ಗಳನ್ನೆಲ್ಲ ನೆನಪು ಮಾಡಿಕೊಂಡು ಕೂತಿದ್ದೆ, ಸೋ ಎಕ್ಸೈಟೆಡ್. ಅಷ್ಟರಲ್ಲಿ ಒಂದು ದಿನ, ಸಿಟ್ಟು ಇಳಿದ ಮೇಲೆ, ಮಗು ಫ್ರಿಜ್ಜಿನ ಸಂದಿಯಿಂದ ಇಣುಕಿ ನನ್ನ ಮುಖವನ್ನು ಬಹಳ ಹೊತ್ತು ನೋಡಿತು.

"ಅಜ್ಜಿ, ನೀನು ಬಂದ್ಯಾ?"

"ಇಲ್ಲೇ ಇದ್ದೀನಲ್ಲ ಕಂದಾ."

"ಇಲ್ಲ. ಇರ್ಲಿಲ್ಲ."

ಸೊಸೆ ಇದನ್ನು ಕೇಳಿಸಿಕೊಂಡಳು. ಸಂಜೆ ಮಗುವನ್ನು ಮಲಗಿಸಿ ಬಂದು ನನ್ನೆದುರು ಕೂತಳು. ಜಗಳಗಂಟಿಯಲ್ಲ ಅವಳು, ಅವಳ ಮಾತು ಮೃದುವಾದಷ್ಟೂ ನನಗೆ ಭಯ.

"ಅತ್ತೆ, ಮಗು ನಿಮ್ಮತ್ರಾನೇ ಇರ್ಲಿ ಅಂತ ನಂಗೂ ಆಸೆ. ಆದ್ರೆ ಆ ದನಿ ಅವಳ ಮುಂದೆ ಇನ್ನೊಂದ್ಸಲ ಕೇಳಿಸಿದ್ರೆ ಡೇಕೇರ್‌ಗೆ ಸೇರಿಸ್ತೀನಿ. ಬೇಜಾರ್ ಮಾಡ್ಕೋಬೇಡಿ."

"ಅದು ನಾನಲ್ಲಮ್ಮ, ನಿಮ್ಮ ಮಾವನೂ ಹೇಳ್ತಾರೆ..."

"ಯಾರಾದ್ರೂ ಆಗ್ಲಿ ಅತ್ತೆ. ಬಾಯಿ ನಿಮ್ಮದೇ ತಾನೆ?"



ಸೊಸೆಯೇ ಫೋನಿನಲ್ಲಿ ಒಬ್ಬ ಕೌನ್ಸೆಲರ್ ಹುಡುಗಿಯನ್ನು ಗೊತ್ತು ಮಾಡಿಕೊಟ್ಟಳು. ಸ್ಕ್ರೀನಿನಲ್ಲಿ ಆ ಹುಡುಗಿಯ ಹಿಂದೆ ಒಂದು ಹಸಿರು ಗಿಡ, ಅದು ನಿಜವಾದದ್ದೋ ಪ್ಲಾಸ್ಟಿಕ್ಕೋ ತಿಳಿಯುತ್ತಿರಲಿಲ್ಲ. ಅತ್ತೆಯ ವಿಷಯ ನಾನು ಹೇಳಲಿಲ್ಲ. ಟೆಂಪರ್ ಜಾಸ್ತಿ, ಹತ್ತರವರೆಗೆ ಎಣಿಸಿದರೂ ಪ್ರಯೋಜನವಿಲ್ಲ, ಎಣಿಕೆ ಮುಗಿಯುವ ಮುಂಚೆಯೇ ಬಂದುಬಿಡುತ್ತದೆ ಎಂದಷ್ಟೇ ಹೇಳಿದೆ.

"ಹಾಗಿದ್ರೆ ಆಂಟಿ, ಅದಕ್ಕಿಂತ ಮುಂಚೆ ಹೋಗಿ ನೋಡಿ," ಎಂದಳು. "ಕೋಪ ಬರೋಕ್ ಮುಂಚೆ ಬಾಡಿ ಏನೋ ಒಂದ್ ಮಾಡುತ್ತೆ. ಅದನ್ನ ಹಿಡ್ಕೊಳ್ಳಿ."

ಅದು ಎಡಗೈ ಎಂದು ಕಂಡುಕೊಳ್ಳಲು ನನಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ತಂದವನು ಬೆಲ್ ಒತ್ತಿ ಕಾಯದೆ ಹೊರಟುಹೋದ. ನಾನಿನ್ನೂ ಕೋಪಿಸಿಕೊಂಡೇ ಇರಲಿಲ್ಲ, ಅಯ್ಯೋ ಹೋದನಲ್ಲ ಎಂದಷ್ಟೇ ಅಂದುಕೊಳ್ಳುತ್ತಿದ್ದೆ. ಕೆಳಗೆ ನೋಡಿದರೆ ಎಡಗೈ ಆಗಲೇ ಸೆರಗು ಹಿಡಿದು ಸೊಂಟಕ್ಕೆ ಸಿಕ್ಕಿಸುತ್ತಿದೆ. ನಾನು ಹೇಳಿರಲಿಲ್ಲ ಅದಕ್ಕೆ. ಒಬ್ಬರ ಮನೆಗೆ ಬಂದು ಅವರಿಗಿಂತ ಮೊದಲೇ ಕೆಲಸ ಶುರು ಮಾಡುವವರ ಹಾಗೆ, ತನ್ನ ಪಾಡಿಗೆ ತಾನು ಸಿಕ್ಕಿಸುತ್ತಿತ್ತು. ಆ ಕೈಯ ನರಗಳು, ಉಂಗುರ, ಮಡಚಿದ ಕಿರುಬೆರಳು, ಎಲ್ಲ ನನ್ನವೇ. ನೋಡುತ್ತ ನೋಡುತ್ತ ನನಗೆ ಅಳು ಬಂತು.

ಬಚ್ಚಲಿಗೆ ಹೋಗಿ ಎರಡೂ ಕೈಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿದೆ. ಯಾರೂ ಹೇಳಿಕೊಟ್ಟದ್ದಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನ ಪ್ರೆಸ್‌ಗಳ ಸದ್ದು ಕೇಳಿಸಿತು, ಧಡ್, ಧಡ್. ದನಿ ಬರಲಿಲ್ಲ.

ಅವರೆಕಾಯಿಯ ಕಾಲ ಅದು. ಹಿತಕಿದ ಬೇಳೆ ಮಾಡುವುದು ಎಂಥ ಕೆಲಸ ಎಂದು ಬೆಂಗಳೂರಿನ ಹೆಂಗಸರನ್ನು ಕೇಳಬೇಕು. ನೆನೆಸಿದ ಕಾಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಚಿಮ್ಮಿಸುತ್ತಾ ಕೂರುವುದು. ಕೈ ಎರಡೂ ನೀರಿನಲ್ಲಿ, ಬೆರಳಿಗೆ ಬಿಡುವಿಲ್ಲ. ನಾನು ದಿನಾ ಬೇಸಿನ್ ತುಂಬ ಕಾಳು ನೆನೆಸತೊಡಗಿದೆ. ಮನೆಯವರು ಹಿತಕಿದ ಬೇಳೆ ಸಾರು, ಉಪ್ಪಿಟ್ಟು, ರೊಟ್ಟಿ ತಿಂದು ತಿಂದು ಸುಸ್ತಾದರು. ಮಗ ಒಂದು ದಿನ, "ಅಮ್ಮಾ, ನಿನ್ ಕೋಪಾನೇ ವಾಸಿ ಕಣಮ್ಮ," ಎಂದ. ಕೈ ಜುಮ್ಮೆನ್ನುತ್ತಿತ್ತು. ನಾನು ಒತ್ತಿದೆ.

ನಾದಿನಿ ಎರಡು ಸಲ ಬಂದು ಬರಿಗೈಯಲ್ಲಿ ಹೋದಳು. ಸಾರಿನಿಂದ ಶುರು ಮಾಡಿ ಎಲ್ಲ ಕಡೆ ಚುಚ್ಚಿ ನೋಡುವಳು. ನಾನು ತಲೆ ಎತ್ತುತ್ತಿರಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಮನೆಯ ಮೂಲೆಮೂಲೆ ನೋಡುವಳು, ಏನೋ ಬಿಟ್ಟುಹೋದವಳಂತೆ. ಒಬ್ಬಳ ತಾಯಿಯನ್ನು ಬಾಗಿಲ ಹೊರಗೆ ನಿಲ್ಲಿಸಿ ಚಿಲಕ ಹಾಕಿದ ಹಾಗೆ ನನಗೆ ಅನ್ನಿಸುತ್ತಿತ್ತು.

ಮೂರನೆಯ ಸಲ ಬಂದದ್ದು ಶನಿವಾರ. ಸೋಮವಾರ ಸೊಸೆ ಕೆಲಸಕ್ಕೆ ಹೋಗಬೇಕು. ಅವಳು ತರಕಾರಿ ತರಲು ಹೋಗಿದ್ದಳು. ಗಂಡ ಹಾಲಿನಲ್ಲಿ ಪೇಪರ್ ಓದುತ್ತಿದ್ದರು. ಮಗು ಅಡುಗೆಮನೆಯ ನೆಲದಲ್ಲಿ ಕ್ರೇಯಾನ್ ಹರಡಿಕೊಂಡು ಕೂತಿತ್ತು. ನಾನು ಕಾಳು ಒತ್ತುತ್ತಿದ್ದೆ.

ನಾದಿನಿ ಈಚೆಗೆ ಸೀರೆ ಬಿಟ್ಟು ಚೂಡಿದಾರಕ್ಕೆ ಬಂದಿದ್ದಳು, ಬಸ್ಸು ಹತ್ತಲು ಸುಲಭವೆಂದು. ದುಪಟ್ಟಾ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಒರಗಿ ನಿಂತಳು. ಅಂದು ಸಾರಿನ ಸುದ್ದಿ ಎತ್ತಲಿಲ್ಲ.

"ಅತ್ತಿಗೆ, ನಿಮ್ ಸೊಸೆ ಮಗೂನ ನಿಮ್ ಕೈಗೆ ಬಿಡ್ತಾಳಾ? ನಾನಾಗಿದ್ರೆ ಬಿಡ್ತಿರ್ಲಿಲ್ಲ."

ಬೇಸಿನ್ನಿನ ನೀರಿನೊಳಗೆ ಎಡಗೈ ಅಲುಗಿತು. ಮೀನು ಅಲುಗಿದ ಹಾಗೆ. ನಾನು ಅದನ್ನು ಬಲಗೈಯಿಂದ ಹಿಡಿದುಕೊಂಡೆ.

"ಇಂಥೋರತ್ರ ಯಾರ್ ಬಿಡ್ತಾರೆ? ಯೋಳ್ರಿ ನೋಡಾನ."

ಒಂದು ಕಾಳು. ಇನ್ನೊಂದು ಕಾಳು.

"ಯಾಕತ್ತಿಗೆ, ಕಲ್ಲಾಗ್ಬುಟ್ರಾ? ನಾನ್ ಅಲ್ಲಿಂದ ಬಸ್ಸತ್ಕೊಂಡ್ ಬರೋದು ಯಾಕಂತ ಗೊತ್ತಿಲ್ವಾ ನಿಮ್ಗೆ?" ಒರಗಿದ್ದವಳು ನೆಟ್ಟಗೆ ನಿಂತಳು. "ಗೊತ್ತಿದ್ದೂ ಇಂಗ್ ಮಾಡ್ತಿದ್ದೀರಲ್ಲ!"

ಪ್ರೆಸ್‌ಗಳ ಸದ್ದು ದೂರ ಹೋಯಿತು. ನನ್ನ ಕೈ ನೀರಲ್ಲೇ ಇತ್ತು. ತಲೆ ಎತ್ತಿದೆ. ಅವಳ ಎಡಗೈ ಸೊಂಟದ ಹತ್ತಿರ ಇಲ್ಲದ ಸೆರಗನ್ನು ತಡಕುತ್ತಿತ್ತು. ಸಿಗಲಿಲ್ಲ. ದುಪಟ್ಟಾದ ತುದಿ ಸಿಕ್ಕಿತು. ಅದನ್ನೇ ಎಳೆದು ಸಿಕ್ಕಿಸಿತು. ಬಲಗೈ ಚೌಕಟ್ಟನ್ನು ಪಟ್ಟನೆ ಬಡಿಯಿತು.

ಆ ದನಿಯನ್ನು ನಾನು ಅಷ್ಟು ವರ್ಷ ಒಳಗಿನಿಂದ ಕೇಳಿದ್ದೆ. ಅತ್ತೆ ಹೋದ ಮೇಲೆ ಹೊರಗಿನಿಂದ ಕೇಳಿದ್ದು ಆವತ್ತೇ. ಅತ್ತೆ ಬದುಕಿದ್ದಾಗ ಹೇಗಿತ್ತೋ ಹಾಗೇ ಇತ್ತು, ಒಂದು ಕೂದಲೆಳೆಯಷ್ಟೂ ಹಳತಾಗಿರಲಿಲ್ಲ. ಏನೆಂದಿತು ಎಂದು ಇಲ್ಲಿ ಬರೆಯುವುದಿಲ್ಲ, ಡೀಸೆಂಟ್ ಅಲ್ಲ. ಹಾಲಿನಲ್ಲಿ ಕುರ್ಚಿ ಕಿರ್ ಎಂದಿತು. ಗಂಡ ಎದ್ದು ನಿಂತಿದ್ದರು. ಕ್ರೇಯಾನ್‌ಗಳು ಚೆಲ್ಲಾಪಿಲ್ಲಿಯಾದವು. ಮಗು ಓಡಿ ನನ್ನ ಬೆನ್ನ ಹಿಂದೆ ಬಂದು ನನ್ನ ಸೆರಗನ್ನು ಮುಖಕ್ಕೆ ಒತ್ತಿಕೊಂಡಿತು.

ದನಿ ನಿಂತಿತು. ನಾದಿನಿ ಕಣ್ಣು ಮಿಟುಕಿಸಿ ನನ್ನನ್ನು ನೋಡಿದಳು. ಮುಖ ಅರಳಿತು.

"ಬಂದ್ಲು! ಅಣ್ಣಾ, ಕೇಳಿದ್ಯಾ? ಅತ್ತಿಗೆ ಮೇಲೆ ಅವ್ವ ಬಂದ್ಲು!"

ನಾನು ಬಾಯಿ ತೆರೆದಿರಲಿಲ್ಲ.

ಅವಳು ಅಣ್ಣನ ಹತ್ತಿರ ಓಡಿದಳು. ಮೆಟ್ಟಿಲ ಮೇಲೆ ದಡಬಡ ಹೆಜ್ಜೆ ಕೇಳಿಸಿತು. ಸೊಸೆ ತರಕಾರಿ ಚೀಲ ಹಿಡಿದೇ ಒಳಗೆ ಬಂದಳು, ಏದುಸಿರು.

"ಕೆಳಗಿನವರೆಗೂ ಕೇಳಿಸ್ತು ಅತ್ತೆ. ಮಗು ಇದ್ದಾಗಲೇ? ನಾನು ಹೇಳಿದ್ದು ನೆನಪಿದೆ ತಾನೆ?"

"ಇದೆ."

"ಮತ್ತೆ?"

ಹಾಲಿನಲ್ಲಿ ನಾದಿನಿ ಅಳುತ್ತ ನಗುತ್ತ ಮಾತಾಡುತ್ತಿದ್ದಳು. ನಾನು ಒಂದು ಮಾತು ಗಟ್ಟಿಯಾಗಿ ಹೇಳಿದರೆ ಅವಳಿಗೆ ಕೇಳಿಸುತ್ತಿತ್ತು, ದನಿ ಬಂದದ್ದು ತನ್ನ ಬಾಯಿಂದಲೇ ಎಂದು ತಿಳಿದುಬಿಡುತ್ತಿತ್ತು. ಮಾಡದ ತಪ್ಪಿಗೆ ಮಗುವನ್ನು ಕಳೆದುಕೊಳ್ಳುವುದೇ? ಅನ್ಯಾಯ, ಅಟರ್ಲಿ ಅನ್‌ಫೇರ್. ಸಿಟ್ಟು ಬಂತು. ನಿಜವಾದ ಸಿಟ್ಟು. ಬರಲು ಹಕ್ಕಿದ್ದ ಸಿಟ್ಟು. ನೀರಿನಲ್ಲಿ ಕೈ ಬಿಗಿಹಿಡಿದು ಕಾದೆ. ಕೈ ಎಲ್ಲಿಗೂ ಹೋಗಲಿಲ್ಲ.

"ನಾನಲ್ಲಮ್ಮ," ಎಂದೆ, ಸೊಸೆಗೆ ಮಾತ್ರ ಕೇಳಿಸುವಷ್ಟು.

"ಹೋದ್ಸಲಾನೂ ಹಾಗೇ ಅಂದ್ರಿ."

"ಅಂದಿದ್ದೆ. ಈ ಸಲ ಬಾಯಿ ಕೂಡ ನನ್ನದಲ್ಲ."

ಸೊಸೆಯ ಕಣ್ಣು ನನ್ನ ಬೆನ್ನ ಹಿಂದೆ ಹೋಯಿತು. ಮಗು ಇನ್ನೂ ನನ್ನ ಸೆರಗು ಬಿಟ್ಟಿರಲಿಲ್ಲ. ನನಗೆ ಅಂಟಿಕೊಂಡು, ಹಾಲಿನ ಕಡೆ ನೋಡುತ್ತಿತ್ತು. ಸೊಸೆಯೂ ಹಾಲಿನ ಕಡೆ ನೋಡಿದಳು. ನಾದಿನಿಯ ಸೊಂಟದಲ್ಲಿ ದುಪಟ್ಟಾ ಹಾಗೇ ಸಿಕ್ಕಿಕೊಂಡಿತ್ತು.

ಸೊಸೆ ತರಕಾರಿ ಚೀಲ ಕೆಳಗಿಟ್ಟು, ಬಳೆ ಹಿಂದೆ ಸರಿಸಿ, ನನ್ನೆದುರು ಕೂತು, ಬೇಸಿನ್ನಿಗೆ ಕೈ ಹಾಕಿ ಕಾಳು ಒತ್ತತೊಡಗಿದಳು. "ಅವರಿಗೇ ಗೊತ್ತಾ ಇದು?" ಎಂದಳು ಮೆಲ್ಲಗೆ.

"ಇಲ್ಲ. ಹೇಳ್ಬೇಡ."

ಸಂಜೆ ನಾದಿನಿ ಹೊರಟಾಗ ನನ್ನ ಎರಡೂ ಕೈ ಹಿಡಿದುಕೊಂಡು, "ಮುಂದಿನ್ ವಾರ ಬರ್ಲಾ ಅತ್ತಿಗೆ?" ಎಂದಳು. ಬಾ ಎಂದೆ. ಬರುವುದಾದರೆ ಮಗು ಆಟಕ್ಕೆ ಹೊರಗೆ ಹೋಗುವ ಹೊತ್ತಿಗೆ ಬಾ ಎಂದೆ. ಹಾಗೇ ಬರುತ್ತಾಳೆ. ಈಗ ಅವಳು ಚುಚ್ಚುವುದು ಕಡಿಮೆ. ತಾನೇ ಸಿಟ್ಟಾಗುತ್ತಾಳೆ, ತಾನೇ ಕೇಳಿಸಿಕೊಳ್ಳುತ್ತಾಳೆ, ನನಗೆ ಥ್ಯಾಂಕ್ಸ್ ಹೇಳಿ ಹೋಗುತ್ತಾಳೆ.

ಸೋಮವಾರ ಸೊಸೆ ಕೆಲಸಕ್ಕೆ ಹೋದಳು. ನನಗೆ ಸಿಟ್ಟು ಬರುವುದು ನಿಂತಿಲ್ಲ. ಬರುತ್ತದೆ, ಆದರೆ ನನ್ನದೇ ದನಿಯಲ್ಲಿ, ಸಣ್ಣದು, ಅರ್ಧ ಇಂಗ್ಲಿಷ್. "ಹೌ ಮೆನಿ ಟೈಮ್ಸ್ ಶುಡ್ ಐ ಟೆಲ್ ಯೂ" ಎಂದು ಶುರುವಾಗಿ ಕೆಮ್ಮಿನಲ್ಲಿ ಮುಗಿಯುತ್ತದೆ. ಮೊನ್ನೆ ಗೋಡೆಯ ಮೇಲೆ ಬಣ್ಣ ಬಳಿದದ್ದಕ್ಕೆ ಮಗುವನ್ನು ಹಾಗೆ ಗದರಿದೆ. ಅದು ಸೊಂಟದ ಮೇಲೆ ಕೈ ಇಟ್ಟು ನಿಂತು, ಒಂದಿಷ್ಟೂ ಹೆದರದೆ, ನನಗೇ ತಿರುಗಿ ಬೈಯಿತು, ಅದೂ ತನ್ನದೇ ದನಿಯಲ್ಲಿ.